ಮುಚ್ಚುಮರೆಯಿಲ್ಲದವನಿಗೆ ಖಾಸಗಿತನವೇಕೆ?

ಅಂತರಂಗ ಬಹಿರಂಗಗಳೆರಡೂ ಒಂದಾಗಿರಬೇಕೆಂಬುದು ಶರಣರು ನಮಗೆ ಬಿಟ್ಟುಹೋದ ಉಪದೇಶಗಳಲ್ಲಿ ಮುಖ್ಯವಾದುದು. ಒಳಗೊಂದು ಹೊರಗೊಂದಾಗಿ ನಡೆಯುವವನನ್ನು ಅವರು ಜರೆದಷ್ಟು ಕಟುವಾಗಿ ಇನ್ನಾರನ್ನೂ ಜರೆದಂತೆ ತೋರುವುದಿಲ್ಲ. ಹೀಗಿರಲು, ಈಚೆಗೆ ಎಲ್ಲೆಡೆ ಕೇಳಿಬರುತ್ತಿರುವ ಖಾಸಗಿತನವೆಂಬ ಮಾತು ನಮ್ಮ ಅನೇಕ ಸದ್ಭಕ್ತರಿಗೆ ರುಚಿಸದಿರುವುದು ಸಹಜವೇ ಆಗಿದೆ. "ಮೊಬೈಲು ಕಂಪನಿಯವರು ನಮ್ಮ ವಿವರಗಳನ್ನು ತೆಗೆದುಕೊಂಡರೆ ತೆಗೆದುಕೊಳ್ಳಲಿ, ನಾವೇನು ಕದ್ದಿದ್ದೇವೆಯೆ, ಸುಳ್ಳು ಹೇಳಿದ್ದೇವೆಯೆ? ಮುಚ್ಚಿಡಬೇಕಾದುದು ನಮ್ಮಲ್ಲೇನಿದೆ?" ಎಂದು ಪ್ರಾಮಾಣಿಕರಾದ ಗೃಹಸ್ಥರು ಕೇಳುವುದುಂಟು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಕೇಳುವವರು ಒಳ್ಳೆಯವರು, ಅವರು ಆಧಾರವಾಗಿ ಹಿಡಿದಿರುವ ತತ್ತ್ವವೂ ಒಳ್ಳೆಯದು. ಆದರೆ ಆ ತತ್ತ್ವದಿಂದ ಈ ತೀರ್ಮಾನವು ಹೊರಡುವುದಿಲ್ಲವೆಂದು ನಮ್ಮ ಅಭಿಪ್ರಾಯ. ಏಕೆಂಬುದನ್ನು ಸ್ವಲ್ಪ ವಿಚಾರಿಸೋಣ.

ಮೊದಲು ವಿಷಯದ ಸ್ವರೂಪವನ್ನು ತಿಳಿಯಬೇಕು. ಬೆಂಗಳೂರಿನ ಮಲ್ಲೇಶ್ವರಂ ಬಡಾವಣೆಯು 1898ರ ಪ್ಲೇಗಿನ ಕಾಲದಲ್ಲಿ ಜನರು ಪೇಟೆಯ ಇಕ್ಕಟ್ಟಿನಿಂದ ಹೊರಬಂದು ನೆಲೆಸಿದ ತಾಣಗಳಲ್ಲೊಂದು. ಅಲ್ಲಿನ ಹಳೆಯ ಮನೆತನಗಳಲ್ಲಿ ದಿನಸಿ ಅಂಗಡಿಯ ಉದ್ರಿ ಪುಸ್ತಕದ ನೆನಪು ಇನ್ನೂ ಅಳಿದಿಲ್ಲ. ತಿಂಗಳುದ್ದಕ್ಕೂ ಸಾಮಾನು ತಂದು ಸಂಬಳ ಬಂದ ಮೇಲೆ ಹಣ ತೀರಿಸುತ್ತಿದ್ದ ಆ ದಿನಗಳಲ್ಲಿ ಅಂಗಡಿಯವನಿಗೆ ಪ್ರತಿಯೊಂದು ಮನೆಯ ಒಳಗುಟ್ಟೂ ತಿಳಿದಿತ್ತೆಂದೇ ಹೇಳಬೇಕು. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾರಿಗೆ ಈ ತಿಂಗಳು ಕೈ ಕಟ್ಟಿದೆ ಎಂಬುದನ್ನೆಲ್ಲ ಅವನು ಸಕ್ಕರೆ, ತುಪ್ಪ, ಒಣಶುಂಠಿಗಳ ಲೆಕ್ಕದಿಂದಲೇ ಓದಬಲ್ಲವನಾಗಿದ್ದನು. ಆದರೂ ಅದು ಯಾರನ್ನೂ ಅಷ್ಟಾಗಿ ಬಾಧಿಸಲಿಲ್ಲ. ಅವನು ನಮ್ಮನ್ನು ಬಲ್ಲಂತೆ ನಾವೂ ಅವನನ್ನು ಬಲ್ಲವರಾಗಿದ್ದೆವು. ಪುಸ್ತಕವು ನಮ್ಮೆದುರಿಗೇ ತೆರೆಯುತ್ತಿತ್ತು. ತಪ್ಪಿದ್ದರೆ ತೋರಿಸಿ ತಿದ್ದಿಸಬಹುದಾಗಿತ್ತು. ಲೆಕ್ಕ ತೀರಿದ ಪುಟಕ್ಕೆ ಅಡ್ಡಗೆರೆ ಬೀಳುತ್ತಿತ್ತು. ಅದನ್ನು ಅವನು ಕದ್ದುಮುಚ್ಚಿ ಬೇರೊಬ್ಬ ವರ್ತಕನಿಗೆ ಮಾರಿದನೆಂಬ ಸುದ್ದಿಯೇನಾದರೂ ಹಬ್ಬಿದ್ದರೆ, ಮರುದಿನ ಅವನ ಅಂಗಡಿಯ ಮೆಟ್ಟಿಲನ್ನು ಯಾರೂ ಹತ್ತುತ್ತಿರಲಿಲ್ಲ.

ಈಗ ಅದೇ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಾಗಲಿ, ಬೇರೆ ಯಾವ ಊರಿನ ಪೇಟೆಯಲ್ಲಾಗಲಿ, ದೊಡ್ಡ ಅಂಗಡಿಯೊಂದಕ್ಕೆ ಹೋಗಿ ಒಂದು ಜೊತೆ ಚಪ್ಪಲಿ ಕೊಂಡರೆ, ಹಣಕ್ಕಿಂತ ಮೊದಲು ಮೊಬೈಲು ಸಂಖ್ಯೆಯನ್ನು ಕೇಳುವರು. ಸಂಖ್ಯೆ ಕೊಡದವರಿಗೆ ಮಾಲು ಕೊಡುವುದಿಲ್ಲವೆನ್ನುವುದು ಅನುಚಿತವಾದ ವ್ಯಾಪಾರ ಪದ್ಧತಿಯೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಮೇ ತಿಂಗಳಲ್ಲಿ ವರ್ತಕರಿಗೆ ತಿಳಿಸಿತು. ರೂಢಿ ಮಾತ್ರ ನಿಂತಿಲ್ಲ. ಹತ್ತು ಅಂಕಿಗಳಲ್ಲಿ ಏನಿದೆ ಎನ್ನಬಹುದು. ಅದು ಗೋಡೆಗೆ ಹೊಡೆದ ಗೂಟವಿದ್ದಂತೆ. ಚಪ್ಪಲಿ ಅಂಗಡಿಯವನು ಬಲ್ಲದ್ದು, ಔಷಧದ ಅಂಗಡಿಯವನು ಬಲ್ಲದ್ದು, ಬಾಡಿಗೆ ಕಾರಿನ ಕಂಪನಿ ಬಲ್ಲದ್ದು, ಮನೆಗೆ ಊಟ ತಂದುಕೊಡುವವರು ಬಲ್ಲದ್ದು, ಎಲ್ಲವನ್ನೂ ಆ ಒಂದೇ ಗೂಟಕ್ಕೆ ತೂಗುಹಾಕಬಹುದು. ಬಿಡಿಬಿಡಿಯಾಗಿದ್ದಾಗ ಅಲ್ಪವಾಗಿ ಕಂಡ ಸಂಗತಿಗಳು ಒಂದೆಡೆ ಕೂಡಿದಾಗ ಒಬ್ಬ ಮನುಷ್ಯನ ಪೂರ್ಣಚಿತ್ರವಾಗಿಬಿಡುತ್ತವೆ.

ಇನ್ನು ಜೇಬಿನಲ್ಲಿರುವ ಮೊಬೈಲಿನ ಮಾತು. ನಾವು ಎಲ್ಲಿದ್ದೇವೆ, ಎಷ್ಟು ಹೊತ್ತು ಇದ್ದೇವೆ, ರಾತ್ರಿ ಎಷ್ಟು ಗಂಟೆಗೆ ಅದನ್ನು ಕೆಳಗಿಟ್ಟೆವು, ಯಾವ ರೋಗದ ಹೆಸರನ್ನು ಹುಡುಕಿದೆವು, ಯಾವ ಚಿತ್ರದ ಮೇಲೆ ಬೆರಳು ತಡೆದು ನಿಂತಿತು ಎಂಬುದೆಲ್ಲ ದಾಖಲಾಗಬಲ್ಲದು. ನಾವು ಪುಟವೊಂದನ್ನು ತೆರೆದಾಗ, ಅದರಲ್ಲಿರುವ ಜಾಹೀರಾತಿನ ಜಾಗವು ಅನೇಕ ವೇಳೆ ಎವೆಯಿಕ್ಕುವುದರೊಳಗೆ ಹರಾಜಾಗುತ್ತದೆ. ಕೂಗುವವರು ಯಂತ್ರಗಳು, ಕೊಳ್ಳುವವರೂ ಯಂತ್ರಗಳು. ಓದುಗನು ಯಾವ ಊರಿನವನು, ಯಾವ ಬಗೆಯ ವಸ್ತುಗಳಲ್ಲಿ ಆಸಕ್ತಿಯುಳ್ಳವನು ಎಂಬ ವಿವರಗಳು ಆ ಹರಾಜಿನಲ್ಲಿ ಪಾಲ್ಗೊಂಡ ಕಂಪನಿಗಳ ಮುಂದೆ ಹಾಯ್ದುಹೋಗುತ್ತವೆ. ಇಷ್ಟೇ ಆಗಿದ್ದರೆ ಮಾತಾಡಬೇಕಾದ್ದಿರಲಿಲ್ಲ. ನಾವು ಹೇಳದುದನ್ನೂ ಹೇಳಿದುದರಿಂದ ಊಹಿಸುವ ಲೆಕ್ಕಾಚಾರ ಅವರಲ್ಲಿದೆ. ಸಾಲದಲ್ಲಿದ್ದೇನೆಂದು ನಾವು ಯಾರಿಗೂ ಹೇಳಿಲ್ಲದಿರಬಹುದು. ಸಾಲದಲ್ಲಿರುವವರಂತೆ ನಡೆದುಕೊಂಡರೆ ಸಾಕು, ಸಾಲ ಕೊಡುವವನ ಜಾಹೀರಾತು ತಾನಾಗಿ ಬಂದು ನಿಲ್ಲುವುದು.

ಕತ್ತಲೆಯಲ್ಲಿ ಬೆಳಕು ಕೊಡುವ ಒಂದು ಆ್ಯಪು ಇತ್ತು. ಟಾರ್ಚಿನ ಕೆಲಸ ಮಾಡುವುದಷ್ಟೇ ಅದರ ಕಾಯಕ. ಅದು ಬಳಕೆದಾರರು ಇರುವ ಸ್ಥಳವನ್ನು ಜಾಹೀರಾತುದಾರರಿಗೆ ರವಾನಿಸುತ್ತಿತ್ತೆಂಬ ಆರೋಪದ ಮೇಲೆ ಅಮೆರಿಕದ ವ್ಯಾಪಾರ ಆಯೋಗವು 2013ರಲ್ಲಿ ಅದರ ತಯಾರಕರ ಮೇಲೆ ಕ್ರಮ ಕೈಗೊಂಡಿತು. ಬೆಳಕು ಕೊಡುವವನಿಗೆ ನಾವು ನಿಂತಿರುವ ಬೀದಿಯ ಹೆಸರು ಏಕೆ ಬೇಕು? ಇಲ್ಲಿ ನಮಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗುತ್ತದೆ. ಪತಿ ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ದಿನ, ಇದು ನಮಗೆ ಬೇಕಾದುದಕ್ಕಿಂತ ಅಧಿಕವಾಯಿತೆಂದು ಆಕೆ ಅವನನ್ನು ಹಿಂದಕ್ಕೆ ಕಳುಹಿದಳೆಂಬ ಕಥೆಯನ್ನು ಬಲ್ಲದ ಭಕ್ತರಿಲ್ಲ. ಆ ಅಕ್ಕಿ ಕದ್ದದ್ದಲ್ಲ, ಅಂಗಳದಲ್ಲಿ ಚೆಲ್ಲಿದ್ದು, ಯಾರೂ ಬೇಡವೆಂದಿರಲಿಲ್ಲ. ಆದರೂ ಬೇಕಾದುದಕ್ಕಿಂತ ಹೆಚ್ಚನ್ನು ಎತ್ತಿಕೊಳ್ಳುವುದೇ ಆಸೆಯೆಂದು ಆ ತಾಯಿ ಕಂಡಳು. ಚೆಲ್ಲಿದ ವಿವರಗಳನ್ನು ಆಯ್ದುಕೊಂಡರೆ ತಪ್ಪೇನೆಂದು ವಾದಿಸುವ ಕಂಪನಿಗಳಿಗೆ ಲಕ್ಕಮ್ಮನಂಥ ಒಬ್ಬ ಲೆಕ್ಕಿಗಳು ಬೇಕಾಗಿದ್ದಾಳೆ.

ಈ ಆಸೆಯು ದೂರದೇಶದ ಕಂಪನಿಗಳಲ್ಲಿ ಮಾತ್ರವಿದೆಯೆಂದು ತಿಳಿಯಲಾಗದು. ಮಲ್ಲೇಶ್ವರದಲ್ಲಿ ಕಚೇರಿಯಿದ್ದ ಚಿಲುಮೆ ಎಂಬ ಸಂಸ್ಥೆಯ ಪ್ರಕರಣವನ್ನು ವಾಚಕರು ಮರೆತಿರಲಾರರು. ಮತದಾರರಲ್ಲಿ ಜಾಗೃತಿ ಮೂಡಿಸುತ್ತೇವೆ, ಅದಕ್ಕೆ ಹಣವನ್ನೇನೂ ಕೇಳುವುದಿಲ್ಲ ಎಂದು ಮುಂದೆ ಬಂದ ಆ ಸಂಸ್ಥೆಗೆ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2022ರಲ್ಲಿ ಅನುಮತಿ ನೀಡಿತ್ತು. ಮನೆಮನೆಗೆ ಹೋದ ಅದರ ಕೆಲಸಗಾರರಲ್ಲಿ ಕೆಲವರು ತಾವು ಮತಗಟ್ಟೆ ಮಟ್ಟದ ಸರ್ಕಾರಿ ಅಧಿಕಾರಿಗಳೆಂಬ ಗುರುತಿನ ಚೀಟಿಯನ್ನು ತೋರಿಸಿ, ಜಾತಿ, ಮಾತೃಭಾಷೆ, ವಿದ್ಯಾಭ್ಯಾಸ ಮುಂತಾದ ವಿವರಗಳನ್ನು ಬರೆದುಕೊಂಡರೆಂದೂ, ಅವನ್ನು ಸಂಸ್ಥೆಯ ಸ್ವಂತ ಆ್ಯಪಿಗೆ ಏರಿಸಿದರೆಂದೂ ಆ ವರ್ಷದ ನವೆಂಬರಿನಲ್ಲಿ ದಿ ನ್ಯೂಸ್ ಮಿನಿಟ್ ಮತ್ತು ಪ್ರತಿಧ್ವನಿ ಪತ್ರಿಕೆಗಳು ಬಯಲಿಗೆ ತಂದವು. ಅಷ್ಟರೊಳಗೆ ಪಾಲಿಕೆಯು ಅನುಮತಿಯನ್ನು ರದ್ದುಮಾಡಿತ್ತು. ಪೊಲೀಸರು ಮೊಕದ್ದಮೆ ಹೂಡಿ ಸಂಸ್ಥೆಯವರನ್ನು ಬಂಧಿಸಿದರು. ಚುನಾವಣಾ ಆಯೋಗವು ಇಬ್ಬರು ಹಿರಿಯ ಅಧಿಕಾರಿಗಳನ್ನು ಅಮಾನತಿನಲ್ಲಿಡುವಂತೆ ಆಜ್ಞಾಪಿಸಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಈ ಮೂರು ಕ್ಷೇತ್ರಗಳ ಮತದಾರರ ಪಟ್ಟಿಯಲ್ಲಿ ಆ ವರ್ಷ ಆದ ಸೇರ್ಪಡೆ ಮತ್ತು ತೆಗೆದುಹಾಕುವಿಕೆಗಳನ್ನು ಪುನಃ ಪರೀಕ್ಷಿಸುವಂತೆ ಹೇಳಿತು.

ದೋಷಿಗಳಾರೆಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ನಮಗೆ ಬೇಕಾದುದು ಬಾಗಿಲಲ್ಲಿ ನಡೆದ ಆ ಒಂದು ಸಣ್ಣ ಸಂವಾದ. ಬಂದವನು ಜಾತಿಯನ್ನು ಕೇಳಿದನು, ಮನೆಯವರು ಹೇಳಿದರು. ಸರ್ಕಾರದವನೆಂಬ ನಂಬಿಕೆಯಿಂದ ಹೇಳಿದರು. ಹನ್ನೆರಡನೆಯ ಶತಮಾನದಲ್ಲಿ ಶರಣರ ಮನೆಯ ಬಾಗಿಲಿಗೆ ಯಾರು ಬಂದರೂ ಕುಲವನ್ನು ಕೇಳದೆ ಒಳಕ್ಕೆ ಕರೆಯುತ್ತಿದ್ದರೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಈಗ ಬಾಗಿಲಿಗೆ ಬಂದವನೇ ಮನೆಯವರ ಕುಲವನ್ನು ಕೇಳುತ್ತಾನೆ. ಯಾವ ಬೀದಿಯಲ್ಲಿ ಯಾವ ಜಾತಿಯವರು ಎಷ್ಟು ಮಂದಿ, ಅವರ ಮಾತೃಭಾಷೆ ಯಾವುದು, ಎಂಬ ಪಟ್ಟಿಯನ್ನು ಕೈಯಲ್ಲಿ ಹಿಡಿದವನಿಗೆ ಮನುಷ್ಯರು ಕಾಣುವುದಿಲ್ಲ. ಎಣಿಕೆಯ ಕಂತೆಗಳು ಕಾಣುತ್ತವೆ. ಇಂಥವರಿಗೆ ಇಂಥ ಮಾತು, ಅಂಥವರಿಗೆ ಅಂಥ ಮಾತು ಎಂದು ಒಂದೇ ಬಾಯಿಂದ ಹತ್ತು ಬಗೆಯಾಗಿ ನುಡಿಯುವ ಅನುಕೂಲ ಅವನಿಗೆ ದೊರೆಯುತ್ತದೆ. ನೆರೆಮನೆಯವನಿಗೆ ಏನು ಹೇಳಿದನೆಂಬುದು ನಮಗೆ ತಿಳಿಯುವುದಿಲ್ಲ.

ಹಾಗಾದರೆ ಜಾತಿಯನ್ನು ಕೇಳುವುದೇ ಅಧರ್ಮವೆ? ಹಾಗೆ ನಾವು ಹೇಳುವುದಿಲ್ಲ. ಜನಗಣತಿಯವರು ಕೇಳುವುದುಂಟು, ಆದರೆ 1948ರ ಜನಗಣತಿ ಕಾಯಿದೆಯು ಆ ದಾಖಲೆಗಳನ್ನು ಯಾರೂ ತೆರೆದು ನೋಡದಂತೆ, ನ್ಯಾಯಾಲಯದಲ್ಲಿ ಸಾಮಾನ್ಯವಾಗಿ ಸಾಕ್ಷ್ಯವಾಗಿಯೂ ತರದಂತೆ ಕಟ್ಟುಮಾಡಿದೆ. 2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಆರಂಭವಾದಾಗ, ಧರ್ಮದ ಕಾಲಮ್ಮಿನಲ್ಲಿ ಏನು ಬರೆಸಬೇಕೆಂಬ ಚರ್ಚೆ ನಮ್ಮ ಸಮಾಜದಲ್ಲಿ ಎಷ್ಟು ಕಾವೇರಿತೆಂಬುದು ಎಲ್ಲರಿಗೂ ಗೊತ್ತಿದೆ. ಆ ಗದ್ದಲದಲ್ಲಿ ಇನ್ನೊಂದು ಮುಖ್ಯ ಸಂಗತಿ ಅನೇಕರ ಕಿವಿಗೆ ಬೀಳಲಿಲ್ಲ. ಭಾಗವಹಿಸುವುದು ಜನರ ಇಚ್ಛೆಗೆ ಬಿಟ್ಟದ್ದೆಂದು ತಿಳಿಯಪಡಿಸಬೇಕು, ಒತ್ತಾಯ ಮಾಡಕೂಡದು, ಸಂಗ್ರಹಿಸಿದ ವಿವರಗಳು ಯಾರಿಗೂ ಸೋರಿಹೋಗದಂತೆ ಕಾಪಾಡಬೇಕು ಎಂದು ಉಚ್ಚ ನ್ಯಾಯಾಲಯವು ಮಧ್ಯಂತರ ಆಜ್ಞೆ ಮಾಡಿತು. ಕೇಳುವವನು ಯಾರು, ಏತಕ್ಕಾಗಿ ಕೇಳುತ್ತಾನೆ, ಒಲ್ಲೆನೆಂದರೆ ಏನಾಗುತ್ತದೆ ಎಂಬ ಮೂರೂ ತಿಳಿದಿರುವಲ್ಲಿ ಪ್ರಶ್ನೆಯು ನ್ಯಾಯವಾದುದು. ಉತ್ತರ ಕೊಟ್ಟ ಮೇಲೆ ಅದು ಹೊರಟ ದಾರಿ ಯಾವುದೆಂದು ತಿಳಿಯದಿರುವಲ್ಲಿ ಅದೇ ಪ್ರಶ್ನೆ ಬಲೆಯಾಗುತ್ತದೆ.

ಈಗ ಮೊದಲಿನ ಆಕ್ಷೇಪಕ್ಕೆ ಬರೋಣ. ಅಂತರಂಗ ಬಹಿರಂಗಗಳು ಒಂದಾದವನಿಗೆ ಮರೆಯೇಕೆ ಎಂಬುದಷ್ಟೆ ಆಕ್ಷೇಪ. ನಾವು ಕೇಳುವ ಮರುಪ್ರಶ್ನೆ ಇದು: ಒಂದಾಗಿಸಬೇಕಾದವನು ಯಾರು? ನಾನು ನನ್ನ ಒಳಗನ್ನು ನನ್ನ ನಡೆಯಲ್ಲಿ ತರಬೇಕೆಂಬುದು ಶರಣಮಾರ್ಗ. ಹೊರಗಿನವನೊಬ್ಬನು ನನ್ನ ಒಳಗನ್ನು ಬಗೆದು ತೆಗೆದುಕೊಂಡು ಹೋಗಬಹುದೆಂಬುದು ಆ ಮಾರ್ಗದಲ್ಲಿ ಎಲ್ಲಿಯೂ ಇಲ್ಲ. ಮಹಾದೇವಿಯಕ್ಕನು ಉಟ್ಟುದನ್ನು ತೊರೆದು, ಕೇಶವನ್ನೇ ಮರೆಯಾಗಿಸಿಕೊಂಡು ಅರಮನೆಯಿಂದ ಹೊರಟಳೆಂದು ಪರಂಪರೆ ಹೇಳುತ್ತದೆ. ಆಕೆ ತಾನಾಗಿ ತೊರೆದಳು. ಅದನ್ನೇ ಮತ್ತೊಬ್ಬನು ಸೆಳೆದುಕೊಂಡಿದ್ದರೆ ಆ ಕೃತ್ಯಕ್ಕೆ ನಾವು ವೈರಾಗ್ಯವೆಂಬ ಹೆಸರನ್ನು ಕೊಡುತ್ತಿದ್ದೆವೆ? ಹೊರಗಿನಿಂದ ನೋಡುವವನಿಗೆ ಎರಡರಲ್ಲಿಯೂ ಕಾಣುವುದು ಒಂದೇ ಆಗಿರಬಹುದು. ಒಂದರಲ್ಲಿ ಆತ್ಮದ ಸ್ವಾತಂತ್ರ್ಯವಿದೆ, ಇನ್ನೊಂದರಲ್ಲಿ ದೌರ್ಜನ್ಯವಿದೆ.

ಮರೆಯಲ್ಲಿರುವುದೆಲ್ಲ ಕಪಟವೆಂದು ಭಾವಿಸುವುದೂ ಸರಿಯಲ್ಲ. ಇಷ್ಟಲಿಂಗವನ್ನು ನಾವು ಕರಡಿಗೆಯಲ್ಲಿಟ್ಟೋ ವಸ್ತ್ರದಲ್ಲಿ ಕಟ್ಟಿಯೋ ಎದೆಯ ಮೇಲೆ ಧರಿಸುತ್ತೇವೆ. ಪೂಜೆಯ ವೇಳೆಗೆ ಅದು ಕರಸ್ಥಲಕ್ಕೆ ಬರುತ್ತದೆ. ನೋಟವು ಅದರಲ್ಲಿಯೇ ನೆಡುತ್ತದೆ. ದಾರಿಹೋಕರ ಕೈಗೆ ಅದನ್ನು ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳುವವರಿಲ್ಲ. ಲಿಂಗವನ್ನು ಮುಚ್ಚಿಟ್ಟಿದ್ದಾರೆ, ಆದುದರಿಂದ ಇವರಲ್ಲಿ ಏನೋ ಮೋಸವಿರಬೇಕೆಂದು ಯಾರಾದರೂ ಹೇಳಿದರೆ ನಾವು ನಕ್ಕೇವು. ಪತಿಪತ್ನಿಯರ ಮಾತು, ವೈದ್ಯನೊಡನೆ ಆಡಿದ ಮಾತು, ಮಗಳು ತಾಯಿಯ ಮಡಿಲಲ್ಲಿ ಅತ್ತದ್ದು, ಗುರುವಿನ ಮುಂದೆ ಒಪ್ಪಿಕೊಂಡ ದೌರ್ಬಲ್ಯ, ಇವೆಲ್ಲ ಮರೆಯಲ್ಲಿದ್ದರೇ ಬೆಳೆಯುವಂಥವು. ಬೀಜವು ಮಣ್ಣಿನ ಮರೆಯಲ್ಲಿ ಮೊಳೆಯುತ್ತದೆ. ಯಾರೋ ಸದಾ ನೋಡುತ್ತಿದ್ದಾರೆಂದು ಬಲ್ಲವನು ಮೆಲ್ಲಮೆಲ್ಲನೆ ನೋಡುವವನಿಗಾಗಿ ಬದುಕತೊಡಗುತ್ತಾನೆ. ಅವನು ಹುಡುಕಬೇಕಾದ ಪುಸ್ತಕವನ್ನು ಹುಡುಕುವುದಿಲ್ಲ, ಕೇಳಬೇಕಾದ ಸಂದೇಹವನ್ನು ಕೇಳುವುದಿಲ್ಲ. ಶರಣರು ಜರೆದ ಡಾಂಭಿಕತನವು ಹುಟ್ಟುವುದು ಇಂಥ ಹದದ ನೆಲದಲ್ಲಿಯೇ ಅಲ್ಲವೆ?

ಇನ್ನೊಂದು ಮಾತು. ಮುಚ್ಚುಮರೆಯಿಲ್ಲದಿರಬೇಕೆಂದು ನಮಗೆ ಹೇಳುವವರು ತಾವು ಹಾಗಿದ್ದಾರೆಯೆ? ನಮ್ಮ ಬಗ್ಗೆ ಅವರ ಬಳಿ ಏನೇನಿದೆ, ಯಾರಿಗೆ ಕೊಟ್ಟರು, ಎಷ್ಟಕ್ಕೆ ಕೊಟ್ಟರು, ಯಾವ ಲೆಕ್ಕದಿಂದ ಒಬ್ಬನಿಗೆ ಸಾಲ ಕೊಟ್ಟು ಇನ್ನೊಬ್ಬನಿಗೆ ಕೊಡಲಿಲ್ಲ ಎಂದು ಕೇಳಿದರೆ, ಅದು ವ್ಯಾಪಾರದ ಗುಟ್ಟು ಎನ್ನುವರು. ಬಡವನ ಮನೆಗೆ ಬಾಗಿಲು ಬೇಡ, ಧನಿಕನ ಕೋಣೆಗೆ ಬೀಗ ಬೇಕು ಎಂಬ ನ್ಯಾಯವಿದು. ಒಳಹೊರಗು ಒಂದಾಗಿರಬೇಕೆಂಬ ಉಪದೇಶವನ್ನು ಮೊದಲು ಕೇಳಬೇಕಾದವರು ಅವರೇ.

"ನಾವೇನು ಬಲವಂತ ಮಾಡಿದೆವೆ? ನೀವೇ ಒಪ್ಪಿದ್ದೀರಿ" ಎಂಬುದು ಅವರ ಉತ್ತರ. ಹೌದು, ಒಪ್ಪಿದ್ದೇವೆ. ಹತ್ತಾರು ಪುಟಗಳ ಆಂಗ್ಲ ಕರಾರಿನ ಕೆಳಗಿರುವ ಗುಂಡಿಯನ್ನು ಒತ್ತಿದ್ದೇವೆ. ವಾಟ್ಸಾಪ್ ಕಂಪನಿಯು 2016ರಲ್ಲಿ ತನ್ನ ವಿವರಗಳನ್ನು ಫೇಸ್‌ಬುಕ್ಕಿನೊಡನೆ ಹಂಚಿಕೊಳ್ಳುವ ನಿಯಮ ತಂದಾಗ, ಜಾಹೀರಾತಿನ ಮಟ್ಟಿಗೆ ಬೇಡವೆನ್ನುವ ಅವಕಾಶವನ್ನು ಆಗಿನ ಬಳಕೆದಾರರಿಗೆ ಕೊಟ್ಟಿತ್ತು. 2021ರ ನಿಯಮದಲ್ಲಿ ಒಪ್ಪು, ಇಲ್ಲವೆ ಬಿಡು ಎಂದಿತು. ಊರೆಲ್ಲ ಅದರಲ್ಲಿಯೇ ಮಾತಾಡುತ್ತಿರುವಾಗ ಬಿಡುವವನು ಎಲ್ಲಿಗೆ ಹೋಗಬೇಕು? ಇದು ಪ್ರಾಬಲ್ಯದ ದುರುಪಯೋಗವೆಂದು ಭಾರತೀಯ ಸ್ಪರ್ಧಾ ಆಯೋಗವು 2024ರ ನವೆಂಬರಿನಲ್ಲಿ ಅದರ ಒಡೆತನದ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿಗಳ ದಂಡ ವಿಧಿಸಿತು. ಕಂಪನಿಯು ಮೇಲ್ಮನವಿಗೆ ಹೋಯಿತು.

ನಮ್ಮಲ್ಲಿ ದಾಸೋಹವೆಂಬ ಪವಿತ್ರ ಕಲ್ಪನೆಯಿದೆ. ಮಠದ ಪಂಕ್ತಿಯಲ್ಲಿ ಕುಳಿತು ಉಂಡೆದ್ದವನನ್ನು ನೀನು ಯಾರು, ಮನೆಯಲ್ಲಿ ಎಷ್ಟು ಜನ, ನಾಳೆ ಎಲ್ಲಿಗೆ ಹೋಗುವೆ ಎಂದು ಕೇಳಿ ಬರೆದುಕೊಂಡು ಪೇಟೆಯಲ್ಲಿ ಮಾರುವವರನ್ನು ನಾವು ಕಂಡಿಲ್ಲ. ಕಂಪನಿಗಳೂ ಪುಕ್ಕಟೆಯಾಗಿಯೇ ಬಡಿಸುತ್ತವೆ. ಆದರೆ ಅಲ್ಲಿ ಎಲೆಯನ್ನು ಎತ್ತುವಾಗ ಉಂಡವನ ನೆರಳನ್ನೂ ಎತ್ತಿಕೊಂಡು ಹೋಗುತ್ತಾರೆ. ಕೊಡುವವನು ಅರಿತು ಕೊಟ್ಟರೆ ಅದು ದಾನ. ಅರಿಯದವನಿಂದ ಪಡೆದದ್ದಕ್ಕೆ ಬೇರೆ ಹೆಸರಿದೆ.

ಈ ವಿಷಯದಲ್ಲಿ ನಮ್ಮ ದೇಶದ ನ್ಯಾಯಶಾಸ್ತ್ರದ ಕಣ್ಣು ತೆರೆಸಿದ ಕೀರ್ತಿ ಒಬ್ಬ ಕನ್ನಡಿಗರಿಗೆ ಸಲ್ಲುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿ ಬೆಂಗಳೂರಿನಲ್ಲಿ ನೆಲೆಸಿದ್ದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಖಾಸಗಿತನವೆಂಬ ಮೂಲಭೂತ ಹಕ್ಕು ನಮ್ಮ ಸಂವಿಧಾನದಲ್ಲಿ ಇಲ್ಲವೇ ಇಲ್ಲವೆಂದು, 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಹಿಡಿದು ಸರ್ಕಾರವು ವಾದಿಸಿತು. 1954ರ ತೀರ್ಪು ಎಂಟು ನ್ಯಾಯಮೂರ್ತಿಗಳದಾಗಿದ್ದುದರಿಂದ ಒಂಬತ್ತು ಮಂದಿ ಕುಳಿತು ವಿಚಾರಿಸಬೇಕಾಯಿತು. 2017ರ ಆಗಸ್ಟ್ 24ರಂದು ಆ ಒಂಬತ್ತು ಮಂದಿಯೂ ಏಕಕಂಠದಿಂದ, ಅದು ಜೀವಿಸುವ ಹಕ್ಕಿನೊಡನೆಯೇ ಹುಟ್ಟಿಬಂದ ಹಕ್ಕೆಂದು ಸಾರಿದರು. ಮರುವರ್ಷದ ತೀರ್ಪಿನಲ್ಲಿ ಆಧಾರ್ ಯೋಜನೆ ಉಳಿಯಿತು. ಖಾಸಗಿ ಕಂಪನಿಗಳು ಅದರ ಸಂಖ್ಯೆಯನ್ನು ಬೇಡಲು ಅವಕಾಶವಿತ್ತ ಭಾಗ ಬಿದ್ದುಹೋಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98 ವರ್ಷದ ತುಂಬುಜೀವನವನ್ನು ಮುಗಿಸಿದರು. ಆ ವೃದ್ಧರಲ್ಲಿ ಮುಚ್ಚಿಡಬೇಕಾದುದೇನಿತ್ತೆಂದು ಕೇಳುವ ಧೈರ್ಯ ಯಾರಿಗೂ ಬರಲಾರದು.

ಆ ತೀರ್ಪಿನ ಫಲವಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯವಾದ ಕಟ್ಟಳೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ, ಎಂದರೆ 2027ರ ಮೇ ತಿಂಗಳವರೆಗಿನ ಗಡುವನ್ನು ಕೊಟ್ಟಿದ್ದಾರೆ. ಒಪ್ಪಿಗೆಯು ಸ್ವತಂತ್ರವಾಗಿ, ನಿರ್ದಿಷ್ಟ ಉದ್ದೇಶಕ್ಕಾಗಿ, ತಿಳಿದು ಕೊಟ್ಟದ್ದಾಗಿರಬೇಕು; ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು. ಒಪ್ಪಿಗೆಯ ಕೋರಿಕೆಯನ್ನು ಕನ್ನಡದಲ್ಲಿಯೂ ಓದಲು ಅವಕಾಶವಿರಬೇಕು. ಮಕ್ಕಳ ನಡೆನುಡಿಯನ್ನು ಬೆನ್ನಟ್ಟಿ ಅವರಿಗೆ ಜಾಹೀರಾತು ಒಡ್ಡಕೂಡದು. ಉಲ್ಲಂಘಿಸಿದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ. ಸರ್ಕಾರವು ತನ್ನ ಅಂಗಸಂಸ್ಥೆಗಳನ್ನು ಈ ಕಟ್ಟಿನಿಂದ ಹೊರಗಿಡುವ ಅಧಿಕಾರವನ್ನು ತಾನೇ ಇಟ್ಟುಕೊಂಡಿರುವುದು ಮಾತ್ರ ನಮಗೆ ಒಪ್ಪಿಗೆಯಾಗದ ಸಂಗತಿ.

ಈ ಕಾಯಿದೆಯಲ್ಲಿ ನಮ್ಮ ಮನಸ್ಸನ್ನು ಸೆಳೆದದ್ದು ದಂಡದ ಮೊತ್ತಕ್ಕಿಂತ ಒಂದು ಹೆಸರು. ವಿವರಗಳನ್ನು ಪಡೆದು ಬಳಸುವವನಿಗೆ ಅದು ಒಡೆಯನೆಂದು ಹೆಸರಿಟ್ಟಿಲ್ಲ. ಇನ್ನೊಬ್ಬರು ನಂಬಿ ಒಪ್ಪಿಸಿದ್ದನ್ನು ಅವರ ಪರವಾಗಿ ಕಾಯುವವನೆಂಬ ಅರ್ಥದ ಹೆಸರನ್ನಿಟ್ಟಿದೆ. ಇದು ನಮಗೆ ಹೊಸದೇನೂ ಅಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಭಂಡಾರವನ್ನು ಜಂಗಮರಿಗೆ ಚೆಲ್ಲಿಬಿಟ್ಟರೆಂದು ಹಗೆಗಳು ದೂರಿದಾಗ, ಬಾಗಿಲು ತೆಗೆಸಿ ಲೆಕ್ಕವನ್ನು ಒಪ್ಪಿಸಿದರೆಂದು ಪುರಾಣಗಳು ಹೇಳುತ್ತವೆ. ಕೈಯಲ್ಲಿ ಬೀಗದ ಕೈಯಿದ್ದ ಮಾತ್ರಕ್ಕೆ ಒಳಗಿರುವುದು ತನ್ನದಾಗದೆಂಬುದು, ಕೇಳಿದಾಗ ಲೆಕ್ಕ ತೋರಿಸಬೇಕೆಂಬುದು ಭಂಡಾರಿಯ ಧರ್ಮ.

ಇಷ್ಟಾದ ಮೇಲೂ ಒಬ್ಬರು ಹೇಳಬಹುದು: "ಇರಲಿ ಸ್ವಾಮಿ, ನನ್ನದನ್ನು ನಾನು ಬಿಟ್ಟುಕೊಡುತ್ತೇನೆ, ನಷ್ಟವಾದರೆ ನನಗೆ." ಗೃಹಸ್ಥರು ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದ ಅಂಶ ಇಲ್ಲಿದೆ. ನನ್ನದೆಂದು ನಾನು ಬಿಟ್ಟುಕೊಡುವುದರಲ್ಲಿ ಎಷ್ಟೋ ಪಾಲು ನನ್ನದಲ್ಲ. ಕೇಂಬ್ರಿಡ್ಜ್ ಅನಲಿಟಿಕಾ ಎಂಬ ಕಂಪನಿಯ ಹಗರಣವು 2018ರಲ್ಲಿ ಬಯಲಾದಾಗ ಫೇಸ್‌ಬುಕ್ಕೇ ಕೊಟ್ಟ ಲೆಕ್ಕವನ್ನು ನೋಡಿರಿ. ಮನಸ್ಸಿನ ಗುಣವನ್ನು ಅಳೆಯುತ್ತೇವೆಂಬ ಒಂದು ಆ್ಯಪನ್ನು ನಮ್ಮ ದೇಶದಲ್ಲಿ ಹಾಕಿಕೊಂಡವರು ಕೇವಲ 335 ಜನ. ಅವರ ಮೂಲಕ ವಿವರಗಳು ಸೋರಿರಬಹುದಾದವರ ಸಂಖ್ಯೆ 5,62,120. ಆ ಲಕ್ಷಾಂತರ ಮಂದಿ ಯಾವ ಗುಂಡಿಯನ್ನೂ ಒತ್ತಿರಲಿಲ್ಲ; ಮಿತ್ರನೊಬ್ಬನು ಆಟವಾಡಿದ್ದನು, ಅಷ್ಟೇ.

ಕ್ಷಣಾರ್ಧದಲ್ಲಿ ಸಾಲ ಕೊಡುವ ಆ್ಯಪುಗಳ ಹಾವಳಿಯಲ್ಲಿ ಇದು ಇನ್ನೂ ಕ್ರೂರವಾಗಿ ಕಂಡಿತು. ಸಾಲ ಪಡೆಯುವಾಗ ಮೊಬೈಲಿನಲ್ಲಿರುವ ಹೆಸರು-ಸಂಖ್ಯೆಗಳ ಪಟ್ಟಿಯನ್ನೆಲ್ಲ ಹೀರಿಕೊಂಡು, ಕಂತು ತಪ್ಪಿದ ಕೂಡಲೆ ಆ ಪಟ್ಟಿಯಲ್ಲಿದ್ದ ಸೋದರಮಾವನಿಗೆ, ಕಚೇರಿಯ ಮೇಲಧಿಕಾರಿಗೆ, ಮಗಳನ್ನು ಕೊಟ್ಟ ಬೀಗರಿಗೆ ಅವಮಾನಕರವಾದ ಸಂದೇಶಗಳನ್ನು ಕಳುಹುತ್ತಿದ್ದರು. ಮಾನಕ್ಕಂಜಿ ಪ್ರಾಣ ಬಿಟ್ಟವರೂ ಉಂಟು. 2022ರ ಸೆಪ್ಟೆಂಬರಿನಲ್ಲಿ ಭಾರತೀಯ ರಿಸರ್ವ್ ಬ್ಯಾಂಕು, ಸಾಲದ ಆ್ಯಪುಗಳು ಹೆಸರುಗಳ ಪಟ್ಟಿಯನ್ನಾಗಲಿ ಕರೆಗಳ ದಾಖಲೆಯನ್ನಾಗಲಿ ಮುಟ್ಟಕೂಡದೆಂದು ನಿಯಮ ಮಾಡಿತು. ನಿಯಮವನ್ನು ಮೀರುವ ಕಳ್ಳ ಆ್ಯಪುಗಳು ಅಳಿದಿಲ್ಲ. ನಮ್ಮ ಮೊಬೈಲಿನಲ್ಲಿರುವ ಮುನ್ನೂರು ಹೆಸರುಗಳು ನಮಗೆ ಸೇರಿದ ಆಸ್ತಿಯಲ್ಲ. ಮುನ್ನೂರು ಮಂದಿ ನಮ್ಮಲ್ಲಿ ಇರಿಸಿದ ನಂಬಿಕೆ. ಅದಕ್ಕೆ ನಾವೂ ಭಂಡಾರಿಗಳೇ.

ಹೀಗೆಂದ ಮೇಲೆ ನಮ್ಮ ಸಂಘ-ಸಂಸ್ಥೆಗಳತ್ತ ಕಣ್ಣು ಹಾಯಿಸದೆ ಇರುವುದು ನ್ಯಾಯವಾಗದು. ಉಚಿತ ವಿದ್ಯಾರ್ಥಿನಿಲಯಗಳ ಅರ್ಜಿಗಳಲ್ಲಿ ಹುಡುಗನ ಮನೆಯ ಬಡತನವೆಲ್ಲ ಬರೆದಿರುತ್ತದೆ. ಆ ಅರ್ಜಿಗಳ ಛಾಯಾಚಿತ್ರ ಎಷ್ಟು ಮಂದಿಯ ಮೊಬೈಲಿನಲ್ಲಿ ಉಳಿದಿದೆಯೋ ಬಲ್ಲವರಾರು? ದಾನಿಗಳ ಹೆಸರು, ವಿಳಾಸ, ಮೊತ್ತಗಳು ಗುಂಪುಗಳಲ್ಲಿ ತಿರುಗುವುದನ್ನು ಎಲ್ಲರೂ ಕಂಡಿದ್ದೇವೆ. ಎಲ್ಲಕ್ಕಿಂತ ಹೆಚ್ಚಾಗಿ ವಧೂವರರ ಪಟ್ಟಿಗಳು. ಸದುದ್ದೇಶದಿಂದಲೇ, ಸೇವಾಭಾವದಿಂದಲೇ ಹಿರಿಯರು ಇವನ್ನು ನಡೆಸುತ್ತಾರೆ, ಅದರಲ್ಲಿ ಸಂದೇಹವಿಲ್ಲ. ಆದರೆ ಕನ್ಯೆಯ ಭಾವಚಿತ್ರ, ಹುಟ್ಟಿದ ದಿನ, ಒಳಪಂಗಡ, ಕೆಲಸದ ಸ್ಥಳ, ಸಂಬಳ, ತಂದೆಯ ಮೊಬೈಲು ಸಂಖ್ಯೆ ಇವೆಲ್ಲವನ್ನೂ ಒಂದೇ ಹಾಳೆಯಲ್ಲಿ ಕೂಡಿಸಿ ವಾಟ್ಸಾಪಿನ ಗುಂಪಿಗೆ ಬಿಟ್ಟರೆ, ಮೋಸಗಾರನು ತಿಂಗಳುಗಟ್ಟಲೆ ಹುಡುಕಿ ಕೂಡಿಸಬೇಕಾದುದನ್ನು ನಾವೇ ಕೂಡಿಸಿ ಕೊಟ್ಟಂತಾಗುತ್ತದೆ. ಮದುವೆಯಾಗಿ ಮಗುವಾದ ಮೇಲೂ ಆ ಹಾಳೆ ಊರಿಂದೂರಿಗೆ ಸುತ್ತುತ್ತಲೇ ಇರುತ್ತದೆ. ಪಟ್ಟಿಯನ್ನು ಸಂಘದ ಕಚೇರಿಯಲ್ಲಿಯೇ ಇಟ್ಟು, ಕೇಳಿಬಂದವರಿಗೆ ಗೊತ್ತಿದ್ದವರ ಪರಿಚಯದ ಮೇಲೆ ಒಂದೊಂದಾಗಿ ತೋರಿಸುವುದು, ಸಂಬಳ ಸಂಖ್ಯೆಗಳನ್ನು ಮಾತುಕತೆ ಕುದುರುವ ತನಕ ತಡೆದಿಡುವುದು, ನಿಶ್ಚಯವಾದ ಕೂಡಲೆ ಹೆಸರನ್ನು ಅಳಿಸುವುದು, ಇವು ಯಾವುವೂ ಹೆಚ್ಚಿನ ಖರ್ಚಿನ ಕೆಲಸಗಳಲ್ಲ. ಕಂಪ್ಯೂಟರಿನಲ್ಲಿ ಪಟ್ಟಿಯಿಟ್ಟಿರುವ ಸಂಘಗಳಿಗೆ ಮೇಲೆ ಹೇಳಿದ ಕಾಯಿದೆಯು ಅನ್ವಯವಾಗುವುದರಿಂದ, ಕಾರ್ಯದರ್ಶಿಗಳು ಗಡುವಿನೊಳಗಾಗಿ ಇದನ್ನು ಹೇಗೂ ಮಾಡಲೇಬೇಕಾಗಿದೆ.

ಅದರಲ್ಲಿಯೂ ಮೊದಲು ಆಗಬೇಕಾದ ಕೆಲಸವೊಂದಿದೆ. ಈಗ ಸಾಮಾನ್ಯವಾಗಿ ತಂದೆಯೋ ಸೋದರಮಾವನೋ ನಮೂನೆಯನ್ನು ತುಂಬಿ, ಚಿತ್ರವನ್ನಂಟಿಸಿ ಕೊಡುತ್ತಾರೆ. ಸಂಘದವರು ಅದನ್ನು ಹಾಗೆಯೇ ಪಟ್ಟಿಗೆ ಸೇರಿಸುತ್ತಾರೆ. ಹದಿನೆಂಟು ತುಂಬಿದವಳ ಒಪ್ಪಿಗೆಯನ್ನು ಅವಳಿಂದಲೇ ಪಡೆಯಬೇಕೆಂಬುದು ಕಾಯಿದೆಯ ಮಾತು. ಆ ನಮೂನೆಯ ಕೊನೆಯಲ್ಲಿ ಹುಡುಗಿಯ ಸಹಿಗೆಂದು ಒಂದು ಗೆರೆಯಷ್ಟು ಜಾಗವನ್ನಾದರೂ ಬಿಟ್ಟಿರುವ ಸಂಘಗಳು ನಮ್ಮಲ್ಲಿ ಎಷ್ಟಿವೆ?